ಕೊನೆಕೊಯ್ಲಿಗೆ ಮುಂಚೆ ಬಂದ ಗ್ರೇಡರ್

ಮಣ್ಣುರಸ್ತೆಯನ್ನು ಹದ ಮಾಡುವ ಗ್ರೇಡರ್ ಯಂತ್ರವನ್ನು ಟ್ರೇಲರಿನಿಂದ ಇಳಿಸಿದ ಮೇಲೂ ಆಪರೇಟರ್ ಕೆಲಸ ಶುರು ಮಾಡಲಿಲ್ಲ. ಚಪ್ಪಲಿ ಕಳಚಿ ಯಂತ್ರದ ಮೆಟ್ಟಿಲ ಮೇಲಿಟ್ಟು, ನಮ್ಮ ಊರಿನ ನಾಲ್ಕು ಕಿಲೋಮೀಟರ್ ಮಣ್ಣಿನ ರಸ್ತೆಯನ್ನು ಬರಿಗಾಲಿನಲ್ಲಿ ನಡೆದರು. ಅಲ್ಲಲ್ಲಿ ನಿಂತು ಹೆಬ್ಬೆರಳಿನಿಂದ ಮಣ್ಣು ಕೆದರಿದರು. ಒಂದೆರಡು ಕಡೆ ಒಂದು ಹಿಡಿ ಎತ್ತಿ ಮುಷ್ಟಿಯಲ್ಲಿ ಅದುಮಿ, ಉಂಡೆ ಕಟ್ಟುತ್ತದೆಯೋ ಪುಡಿಯಾಗುತ್ತದೆಯೋ ನೋಡಿದರು. ಹಿಂದೆ ನಡೆಯುತ್ತಿದ್ದ ನಾವು ಮೂರು ನಾಲ್ಕು ಜನ ಗುಂಡಿಗಳನ್ನು ತೋರಿಸುವ ಆತುರದಲ್ಲಿದ್ದೆವು. ಅವರು ಗುಂಡಿಯ ಮಾತನ್ನೇ ಎತ್ತಲಿಲ್ಲ. ಕೊನೆಯ ಮನೆಯ ಅಂಗಳ ತಲುಪಿದ ಮೇಲೆ, "ಯಜಮಾನರೇ, ಗುಂಡಿ ನನಗೆ ಕಾಣುತ್ತದೆ. ಮಳೆಗಾಲದ ನೀರು ಎಲ್ಲಿ ರಸ್ತೆಗೆ ಬರುತ್ತದೆ, ಎಲ್ಲಿ ಇಳಿದು ಹೋಗಬೇಕು, ಅದನ್ನು ಹೇಳಿ. ಅದು ನಿಮಗೇ ಗೊತ್ತಿರುವುದು" ಎಂದರು.

ಅವರು ಹಾವೇರಿ ಕಡೆಯವರು. ಅವರ ಸೀಮೆಯಲ್ಲಿ ಬೀಳುವ ಮಳೆಗಿಂತ ಎಷ್ಟೋ ಪಾಲು ಹೆಚ್ಚು ಮಳೆ ನಮ್ಮಲ್ಲಿ ಬೀಳುತ್ತದೆ. ಶಿರಸಿಯಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಮಿಲಿಮೀಟರ್, ಕುಮಟಾ ಕಡೆ ಇಳಿದರೆ ಇನ್ನೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದುಹೋಗುತ್ತದೆ. ಇಂಥ ಊರಿನವರಾದ ನಮಗೆ ನೀರಿನ ದಾರಿಯ ಪ್ರಶ್ನೆಯನ್ನು ಬಯಲುಸೀಮೆಯವರೊಬ್ಬರು ಕೇಳಬೇಕಾಯಿತು. ಉತ್ತರ ಹೇಳಲು ಹೋಗಿ ನಾವು ತಡವರಿಸಿದೆವು. ಆ ತಡವರಿಕೆ ಇಂದಿಗೂ ನನ್ನನ್ನು ಕಾಡುತ್ತದೆ.

ನಾನು ಎಂಜಿನಿಯರ್ ಅಲ್ಲ, ಅಡಿಕೆ ತೋಟದವನು. ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲು ಶಿರಸಿ–ಕುಮಟಾ ರಸ್ತೆಯಿಂದ ಒಳಗೆ ಕವಲೊಡೆಯುವ ಹತ್ತಾರು ಮಣ್ಣುದಾರಿಗಳಲ್ಲಿ ನಮ್ಮದೂ ಒಂದು. ಹದಿನೇಳು ಮನೆ, ಒಂದು ಕಿರಿಯ ಪ್ರಾಥಮಿಕ ಶಾಲೆ, ಎರಡು ಮೋರಿ, ಒಂದು ಹಳ್ಳ. ತೋಟದಲ್ಲಿ ನೀರಿನ ಲೆಕ್ಕ ನಮಗೆ ಎಳವೆಯಲ್ಲೇ ಬರುತ್ತದೆ. ಅಡಿಕೆ ಮರ ನೀರು ಬೇಡುತ್ತದೆ, ಆದರೆ ಬುಡದಲ್ಲಿ ನಿಂತ ನೀರನ್ನು ಸಹಿಸುವುದಿಲ್ಲ. ಅದಕ್ಕೇ ಎರಡು ಸಾಲಿಗೊಂದು ಬಸಿಗಾಲುವೆ, ಎಲ್ಲ ಬಸಿಗಾಲುವೆಗಳನ್ನು ಕೂಡಿಸಿಕೊಳ್ಳುವ ದೊಡ್ಡ ಕಾಲುವೆ, ಮಳೆಗಾಲಕ್ಕೆ ಮುಂಚೆ ಅವುಗಳ ಹೂಳು ತೆಗೆಯುವುದು, ಮಳೆಯ ನಡುವೆ ಕೊಪ್ಪೆ ಹಾಕಿಕೊಂಡು ಹೋಗಿ ಕಟ್ಟಿಕೊಂಡದ್ದನ್ನು ಬಿಡಿಸುವುದು. ಇಷ್ಟೆಲ್ಲ ಬಲ್ಲವರು ತೋಟದ ದಣಪೆ ದಾಟಿ ರಸ್ತೆಗೆ ಕಾಲಿಟ್ಟ ಕೂಡಲೇ ಎಲ್ಲವನ್ನೂ ಮರೆತಿದ್ದೆವು. ರಸ್ತೆ ಎಂದರೆ ಗುಂಡಿ, ಗುಂಡಿ ಎಂದರೆ ಒಂದು ಟಿಪ್ಪರ್ ಗೊಚ್ಚುಮಣ್ಣು. ನಮ್ಮ ತಿಳಿವಳಿಕೆ ಅಷ್ಟಕ್ಕೆ ನಿಂತಿತ್ತು.

ನಿಜಕ್ಕೂ ನಮ್ಮ ರಸ್ತೆ ಹಾಳಾಗಿದ್ದು ಮಣ್ಣು ಕಡಿಮೆಯಾಗಿ ಅಲ್ಲ. ಇಪ್ಪತ್ತು ವರ್ಷ ಹಾಕಿದ ಮಣ್ಣಿನಲ್ಲಿ ಅರ್ಧದಷ್ಟು ರಸ್ತೆಯ ಎರಡೂ ಅಂಚಿನಲ್ಲಿ ದಿಂಡಿನಂತೆ ಬಿದ್ದುಕೊಂಡಿತ್ತು. ಗಾಲಿಗಳು ತಳ್ಳಿದ ಮಣ್ಣು, ಜೆಸಿಬಿ ಬಕೆಟ್ ಸರಿಸಿದ ಮಣ್ಣು, ಅದರ ಮೇಲೆ ಹುಲ್ಲು, ಕಮ್ಯೂನಿಸ್ಟ್ ಗಿಡ, ಬೆಟ್ಟದಿಂದ ಉದುರಿದ ಒಣ ಎಲೆಯ ದರಕು. ಅರ್ಧ ಅಡಿ ಎತ್ತರದ ಈ ಏರಿಯ ಆಚೆ ಚರಂಡಿ ಇತ್ತು. ಒಳ್ಳೆಯ ಚರಂಡಿಯೇ. ಆದರೆ ರಸ್ತೆಯ ನೀರು ಅಲ್ಲಿಗೆ ಹೋಗಲು ಬಾಗಿಲೇ ಇರಲಿಲ್ಲ. ಹಾಗಾಗಿ ಮಳೆನೀರು ರಸ್ತೆಯ ನಡುವೆಯೇ ಇಳಿಜಾರು ಹಿಡಿದು, ಗಾಲಿಯ ಗುರುತುಗಳನ್ನೇ ಕಾಲುವೆ ಮಾಡಿಕೊಂಡು, ಒಂದೊಂದು ಮಳೆಗಾಲಕ್ಕೆ ಅರ್ಧ ಅಡಿ ಕೊರಕಲು ತೋಡುತ್ತಿತ್ತು. ನಾವು ಕೊರಕಲಿಗೆ ಮಣ್ಣು ತುಂಬುತ್ತಿದ್ದೆವು. ನೀರು ಅದನ್ನು ಒಯ್ದು ಹಳ್ಳಕ್ಕೆ ಹಾಕುತ್ತಿತ್ತು.

ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ ಇನ್ನೂರು ವರ್ಷಗಳ ಹಿಂದೆ ಪಟ್ಟು ಹಿಡಿದು ಹೇಳಿದ್ದು ಇದನ್ನೇ. ಗಾಡಿಯ ಭಾರ ಹೊರುವುದು ಕೊನೆಗೂ ನೆಲದ ಸ್ವಂತ ಮಣ್ಣು. ಅದು ಒಣಗಿದ್ದರೆ ಎಂಥ ಭಾರವನ್ನೂ ಹೊರುತ್ತದೆ, ಮೇಲಿನ ಕಲ್ಲಿನ ಹಾಸಿನ ಮುಖ್ಯ ಕೆಲಸ ನೀರನ್ನು ಹೊರಗಿಡುವುದು. ಇಂದು ಹಳ್ಳಿಗಳಲ್ಲಿ ಖಡೀಕರಣ ಎನ್ನುವ ಕಾಮಗಾರಿಯ ಹಿಂದೆ ಅವನ ಈ ವಿಚಾರವೇ ಇದೆ. ನಮ್ಮಲ್ಲಿ ಖಡಿ ಉಳಿದಿದೆ, ವಿಚಾರ ಬಿದ್ದುಹೋಗಿದೆ.

ನನ್ನ ಬಾಲ್ಯದಲ್ಲಿ ಊರಿಗೆ ಯಂತ್ರ ಬರುತ್ತಿರಲಿಲ್ಲ. ದೀಪಾವಳಿ ಮುಗಿದ ಮರುವಾರ ಮನೆಗೊಂದು ಆಳಿನಂತೆ ಗುದ್ದಲಿ, ಪಿಕಾಸಿ, ಬುಟ್ಟಿ ಹಿಡಿದು ರಸ್ತೆಗೆ ಇಳಿಯುತ್ತಿದ್ದರು. ಅಪ್ಪಯ್ಯ ಮುಂದೆ ನಿಂತು ಅಂಚಿನ ಏರಿ ಕಡಿಸುತ್ತಿದ್ದರು. ಕಡಿದ ಮಣ್ಣನ್ನು ರಸ್ತೆಯ ನಡುವಿಗೆ ಎಳೆದು ಹರಡುವುದು ಹೆಂಗಸರ ಕೆಲಸ. ನಾವು ಹುಡುಗರು ಚರಂಡಿಯ ದರಕು ಎತ್ತಿ ಗೊಬ್ಬರದ ಗುಂಡಿಗೆ ಒಯ್ಯುತ್ತಿದ್ದೆವು. ಮೂರು ದಿನ, ಸರದಿಯಂತೆ ಒಂದೊಂದು ಮನೆಯಲ್ಲಿ ಊಟ. ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ಶುರುವಾಗುವುದಕ್ಕೆ ಮುಂಚೆ ಇದು ಮುಗಿಯಲೇಬೇಕು, ಇಲ್ಲದಿದ್ದರೆ ಅಡಿಕೆ ಸಾಗಿಸಲು ಲಾರಿ ಬಾರದು. ಆ ಹೊತ್ತನ್ನು ಆರಿಸಿಕೊಂಡದ್ದು ಅಡಿಕೆಗಾಗಿ ಎಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಮಣ್ಣಿಗಾಗಿಯೂ ಅದೇ ಸರಿಯಾದ ಹೊತ್ತು ಎಂಬುದು ಗ್ರೇಡರ್ ಬಂದ ದಿನ ತಿಳಿಯಿತು.

ಆಪರೇಟರ್ ಮುಷ್ಟಿಯಲ್ಲಿ ಮಣ್ಣು ಅದುಮಿ ನೋಡಿದ್ದು ಹಸಿಯನ್ನು. ಗರಸಿನ ರಸ್ತೆ ಗಟ್ಟಿಯಾಗಿ ನಿಲ್ಲಲು ಅದರಲ್ಲಿ ಮೂರು ಬಗೆಯ ಕಣ ಬೇಕು: ಭಾರ ಹೊರುವ ಕಲ್ಲು, ಕಲ್ಲಿನ ಸಂದು ತುಂಬುವ ಮರಳು, ಎರಡನ್ನೂ ಹಿಡಿದಿಡುವ ನಯವಾದ ಜೇಡಿ. ಜೇಡಿಯ ಪಾಲು ನೂರಕ್ಕೆ ಹತ್ತು ಹನ್ನೆರಡು ಇದ್ದರೆ ಸಾಕು. ಹಸಿ ಇದ್ದಾಗ ಬ್ಲೇಡ್ ಹಾಯಿಸಿದರೆ ಈ ಮೂರೂ ಮತ್ತೆ ಬೆರೆತು ಕೂಡಿಕೊಳ್ಳುತ್ತವೆ. ಒಣಗಿದಾಗ ಹಾಯಿಸಿದರೆ ಕಲ್ಲು ಒಂದು ಕಡೆ ಉರುಳುತ್ತದೆ, ಜೇಡಿ ಧೂಳಾಗಿ ಎದ್ದು ಅಕ್ಕಪಕ್ಕದ ಗಿಡಗಳ ಎಲೆಯ ಮೇಲೆ ಕೂರುತ್ತದೆ. ಬೇಸಿಗೆಯಲ್ಲಿ ನಮ್ಮ ದಾರಿಬದಿಯ ಮಾವು, ಹಲಸು, ಕವಳಿ ಮಟ್ಟಿಗಳೆಲ್ಲ ಕೆಂಪಾಗಿ ಕಾಣುತ್ತವಲ್ಲ, ಅದು ನಮ್ಮ ರಸ್ತೆಯ ಅಂಟು. ರಸ್ತೆಯನ್ನು ಹಿಡಿದಿಟ್ಟಿದ್ದ ಪಾಲೇ ಗಾಳಿಗೆ ಹೋಗಿದೆ.

ಆದರೆ ರಸ್ತೆಯ ದುಡ್ಡು ನಮ್ಮಲ್ಲಿ ಬರುವುದು ಯಾವಾಗ? ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಎಲ್ಲ ದಾಟಿ ಕೆಲಸ ನೆಲಕ್ಕೆ ಬರುವಾಗ ಫೆಬ್ರುವರಿ ಕಳೆದಿರುತ್ತದೆ. ಸುಡುಬಿಸಿಲಿನಲ್ಲಿ ಪುಡಿಪುಡಿ ಮಣ್ಣು ತಂದು ಸುರಿದು, ಜೆಸಿಬಿಯ ಬಕೆಟ್ ಹಿಮ್ಮುಖವಾಗಿ ಎಳೆದು ಸಪಾಟು ಮಾಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಏಪ್ರಿಲ್‌ನಲ್ಲಿ ಅದು ಧೂಳು, ಜೂನ್‌ನಲ್ಲಿ ಕೆಸರು. ಇದರಲ್ಲಿ ಯಾರ ದುರುದ್ದೇಶವನ್ನೂ ನಾನು ಹುಡುಕುವುದಿಲ್ಲ. ಕೆಲಸ ಮಾಡಿಸುವ ಕಿರಿಯ ಎಂಜಿನಿಯರುಗಳಲ್ಲಿ ಕಷ್ಟಪಟ್ಟು ಓಡಾಡುವವರನ್ನು ಕಂಡಿದ್ದೇನೆ. ಲೆಕ್ಕಪತ್ರದ ವರ್ಷ ಮತ್ತು ಮಣ್ಣಿನ ವರ್ಷ ಎರಡೂ ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತವೆ, ಮತ್ತು ಸೋಲುವುದು ಯಾವಾಗಲೂ ಮಣ್ಣು. ಇದು ಬದಲಾಗಲೇಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮಲೆನಾಡು, ಕರಾವಳಿಯ ಮಣ್ಣುರಸ್ತೆಗಳ ನಿರ್ವಹಣೆಯ ಹಣ ಅಕ್ಟೋಬರ್, ನವೆಂಬರಿನಲ್ಲಿ ಕೈಗೆ ಸಿಗುವಂತಿರಬೇಕು.

ನಮ್ಮ ಮಣ್ಣಿನ ಬಗ್ಗೆಯೂ ಒಂದು ಮಾತು. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ತಿರುಗಾಡಿ 1807ರಲ್ಲಿ ತನ್ನ ಪ್ರವಾಸದ ವಿವರ ಪ್ರಕಟಿಸಿದ. ನೆಲದೊಳಗೆ ಇರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಷ್ಟು ಗಟ್ಟಿ ಆಗುವ ನಮ್ಮ ಕರಾವಳಿಯ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟವನು ಅವನೇ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ನಾವು ಚಿರೆಕಲ್ಲು ಎನ್ನುತ್ತೇವೆ. ಈ ಕಲ್ಲಿನ ನುಚ್ಚು, ಗೋಲಿಯಂಥ ಕಬ್ಬಿಣದ ಹರಳು, ಜೊತೆಗೆ ಸಹಜವಾಗಿಯೇ ಬೆರೆತ ಜೇಡಿ, ಇದೇ ನಮ್ಮ ಗೊಚ್ಚುಮಣ್ಣು. ರಸ್ತೆಗೆ ಇದು ಒಳ್ಳೆಯ ಮಣ್ಣು. ಹದವಾದ ಹಸಿಯಲ್ಲಿ ಅದುಮಿದರೆ ಕಲ್ಲಿನ ಹಾಗೆ ಕೂರುತ್ತದೆ. ಮಣ್ಣು ಸರಿಯಿಲ್ಲ ಎಂದು ಇಷ್ಟು ದಿನ ದೂರಿದ್ದು ಅನ್ಯಾಯ.

ಇನ್ನು ಯಂತ್ರ. ಗ್ರೇಡರ್ ನೋಡಿದವರಿಗೆ ಅದರ ಆಕಾರವೇ ವಿಚಿತ್ರ ಅನ್ನಿಸುತ್ತದೆ. ಎಂಜಿನ್ ಮತ್ತು ನಾಲ್ಕು ಗಾಲಿ ಹಿಂದೆ, ಎರಡು ಗಾಲಿ ಎಲ್ಲೋ ಮುಂದೆ, ನಡುವೆ ಉದ್ದನೆಯ ಕಬ್ಬಿಣದ ಬೆನ್ನು, ಅದರ ಹೊಟ್ಟೆಯ ಕೆಳಗೆ ಚಕ್ರಾಕಾರದ ಚೌಕಟ್ಟಿಗೆ ತೂಗುಬಿದ್ದ ಹನ್ನೆರಡು ಅಡಿಯ ಬ್ಲೇಡ್. ಈ ಉದ್ದದಲ್ಲೇ ಅದರ ಗುಟ್ಟಿದೆ. ಮುಂದಿನ ಗಾಲಿ ಒಂದು ಗುಂಡಿಗೆ ಇಳಿದರೂ ನಡುವಿನ ಬ್ಲೇಡ್ ಅಷ್ಟು ಇಳಿಯುವುದಿಲ್ಲ, ಯಂತ್ರವೇ ಏರುಪೇರನ್ನು ಸರಾಸರಿ ಮಾಡಿಕೊಳ್ಳುತ್ತದೆ. ಜೆಸಿಬಿಯ ಬಕೆಟ್ ಗಾಡಿಯ ತುದಿಯಲ್ಲಿರುವುದರಿಂದ ಗಾಡಿ ಏರಿದರೆ ತಾನೂ ಏರುತ್ತದೆ, ಇಳಿದರೆ ತಾನೂ ಇಳಿಯುತ್ತದೆ. ಜೆಸಿಬಿ ಅಗೆಯಲು, ತುಂಬಲು ಒಳ್ಳೆಯ ಯಂತ್ರ. ರಸ್ತೆಗೆ ಬೆನ್ನು ಕೊಡುವುದು ಅದರಿಂದಾಗದು.

ಬೆನ್ನು ಎಂದೆನಲ್ಲ, ಕೆಲಸದ ತಿರುಳು ಅದೇ. ರಸ್ತೆಯ ನಡು ಎತ್ತರವಾಗಿ ಎರಡೂ ಅಂಚಿಗೆ ಇಳಿಜಾರು ಇರಬೇಕು. ನಮ್ಮ ಆಪರೇಟರ್ ಅದಕ್ಕೆ ಆಮೆಬೆನ್ನು ಅನ್ನುತ್ತಿದ್ದರು. ಮಣ್ಣುರಸ್ತೆಗೆ ಇದು ನೂರಕ್ಕೆ ನಾಲ್ಕರಷ್ಟು ಬೇಕು, ಅಂದರೆ ಅಡಿಗೆ ಅರ್ಧ ಇಂಚು. ಹನ್ನೆರಡು ಅಡಿ ರಸ್ತೆಯಾದರೆ ನಡುವಿನಿಂದ ಅಂಚಿಗೆ ಮೂರು ಇಂಚು ಇಳಿತ. ಡಾಂಬರು ರಸ್ತೆಗೆ ಇದರ ಅರ್ಧ ಸಾಕಾಗುತ್ತದೆ, ಏಕೆಂದರೆ ಅಲ್ಲಿ ನೀರು ಜಾರುತ್ತದೆ. ಮಣ್ಣಿನ ಮೇಲೆ ನೀರು ನಿಂತು ಯೋಚಿಸಲು ಅವಕಾಶ ಸಿಕ್ಕರೆ ಒಳಗೇ ಇಳಿಯುತ್ತದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇಂಥ ರಸ್ತೆಗಳಿಗೆಂದೇ 2008ರಲ್ಲಿ ಕೈಪಿಡಿ ಹೊರತಂದಿದೆ.

ಮೊದಲು ಅಂಚಿನ ಏರಿ. ಬ್ಲೇಡನ್ನು ಓರೆಯಾಗಿ ತಿರುಗಿಸಿ, ಒಂದು ತುದಿಯನ್ನು ಏರಿಯ ಬುಡಕ್ಕೆ ಕೊಟ್ಟು ನಿಧಾನವಾಗಿ ಮುಂದೆ ಬಂದರು. ನಲವತ್ತೈದು ಡಿಗ್ರಿ ಓರೆಯಾದಾಗ ಹನ್ನೆರಡು ಅಡಿಯ ಬ್ಲೇಡ್ ಎಂಟೂವರೆ ಅಡಿ ಅಗಲವನ್ನಷ್ಟೇ ಆವರಿಸುತ್ತದೆ. ಆದರೆ ಓರೆ ಇದ್ದರೇ ಮಣ್ಣು ಬ್ಲೇಡಿನ ಮುಂದೆ ಗುಪ್ಪೆಯಾಗದೆ, ಹೊರಳುತ್ತ ಹೊರಳುತ್ತ ಇನ್ನೊಂದು ತುದಿಗೆ ಸಾಗುತ್ತದೆ. ಹಾಗೆ ಹೊರಳುವಾಗಲೇ ಕಲ್ಲು, ಮರಳು, ಜೇಡಿ ಬೆರೆಯುತ್ತವೆ. ಇಪ್ಪತ್ತು ವರ್ಷ ಅಂಚಿನಲ್ಲಿ ಸತ್ತಂತೆ ಬಿದ್ದಿದ್ದ ಮಣ್ಣು ಕಪ್ಪುಗೆಂಪು ಹುರಿಯಾಗಿ ರಸ್ತೆಯ ನಡುವಿಗೆ ಬಂದು ಕೂತಾಗ ನನ್ನ ಪಕ್ಕದಲ್ಲಿದ್ದವರೊಬ್ಬರು, "ಇಷ್ಟು ಮಣ್ಣು ಇಲ್ಲೇ ಇತ್ತೋ!" ಎಂದರು. ಒಂದು ಟಿಪ್ಪರ್ ಹೊಸ ಮಣ್ಣನ್ನೂ ನಾವು ತರಿಸಲಿಲ್ಲ.

ಬ್ಲೇಡ್ ಮಣ್ಣನ್ನು ಒಂದು ಬದಿಗೆ ತಳ್ಳುವಾಗ ಮಣ್ಣು ಯಂತ್ರವನ್ನು ಇನ್ನೊಂದು ಬದಿಗೆ ತಳ್ಳುತ್ತದೆ. ಅದಕ್ಕೆ ಎದುರಾಗಿ ಮುಂದಿನ ಎರಡು ಗಾಲಿಗಳು ಓರೆಯಾಗಿ ವಾಲಿ ನಿಲ್ಲುತ್ತವೆ. ಮೇಣಿ ಅದುಮಿ ಮೈಯನ್ನು ಒಂದು ಪಕ್ಕಕ್ಕೆ ಒಗ್ಗಿಸುವ ಉಳುವವನ ನೆನಪಾಯಿತು. ಈ ವಾಲುವ ಗಾಲಿಯ ಉಪಾಯವನ್ನು ಅಮೆರಿಕದಲ್ಲಿ ಜೋಸೆಫ್ ಆಡಮ್ಸ್ ಎಂಬವನು 1885ರಲ್ಲೇ, ಕುದುರೆ ಎಳೆಯುವ ಗ್ರೇಡರಿಗೆ ಅಳವಡಿಸಿದ್ದ. ಎಂಜಿನ್ ಬಂದದ್ದು ಎಷ್ಟೋ ಕಾಲದ ಮೇಲೆ. ಆದರೆ ನನಗೆ ಇನ್ನೂ ಹತ್ತಿರವಾದವನು ಮಿಸ್ಸೂರಿ ರಾಜ್ಯದ ರೈತ ಡಿ. ವಾರ್ಡ್ ಕಿಂಗ್. ಅವನು ಒಂದು ಮರದ ದಿಮ್ಮಿಯನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಹಿಂದುಮುಂದಾಗಿ ಜೋಡಿಸಿ, ಮಳೆ ಬಂದು ನಿಂತ ಮೇಲೆ ಕುದುರೆ ಕಟ್ಟಿ ತನ್ನ ಮನೆಮುಂದಿನ ಮಣ್ಣುರಸ್ತೆಯ ಮೇಲೆ ಎಳೆದ. ಪ್ರತಿ ಮಳೆಯ ನಂತರವೂ ಎಳೆದ. ರಸ್ತೆ ಗಟ್ಟಿಯಾಯಿತು. ನೋಡಿದವರು ತಾವೂ ಮಾಡಿದರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ದೇಶದುದ್ದಕ್ಕೂ ಅದು ಹಬ್ಬಿತು. ನಾಟಿಗೆ ಮುಂಚೆ ಗದ್ದೆಗೆ ಹಲಗೆ ಹೊಡೆಯುವುದನ್ನು ಕಂಡ ನಮಗೆ ಇದರಲ್ಲಿ ಬೆರಗಿಲ್ಲ. ಆ ಹಲಗೆಯನ್ನು ಒಮ್ಮೆ ರಸ್ತೆಗೂ ಎಳೆಯಬಹುದಿತ್ತಲ್ಲ ಎಂಬ ಹಳಹಳಿಯಿದೆ.

ಶಾಲೆಯ ಏರಿನಲ್ಲಿ ಮಂಗಳೂರು ಹಂಚಿನ ಮಾಡಿನಂತೆ ಅಡ್ಡಡ್ಡ ಅಲೆಗಳಿದ್ದವು. ಸ್ಕೂಟರಿನಲ್ಲಿ ಹೋದರೆ ಎಲುಬು ಅದುರುವಂಥವು. ಇವು ಕೆಟ್ಟ ಸ್ಪ್ರಿಂಗಿನ ಗಾಡಿಗಳಿಂದ ಆಗುತ್ತವೆ ಎಂದು ನಾವೆಲ್ಲ ಹೇಳುತ್ತಿದ್ದೆವು. ಭೌತವಿಜ್ಞಾನಿಗಳು ಮರಳು ತುಂಬಿದ ತಿರುಗುವ ತಟ್ಟೆಯ ಮೇಲೆ ಒಂದು ಗಾಲಿ ಉರುಳಿಸಿ ಮಾಡಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಸ್ಪ್ರಿಂಗೇ ಇಲ್ಲದ ಗಾಲಿಯೂ ಒಂದು ವೇಗ ದಾಟಿದ ಕೂಡಲೇ ಇಂಥ ಅಲೆಗಳನ್ನು ಎಬ್ಬಿಸುತ್ತದೆ, ಆ ವೇಗಕ್ಕಿಂತ ಕೆಳಗೆ ಮೇಲ್ಮೈ ಸಪಾಟಾಗಿಯೇ ಉಳಿಯುತ್ತದೆ. ಸಡಿಲ ಮಣ್ಣು ಮತ್ತು ವೇಗ ಸೇರಿದರೆ ಸಾಕು. ಅವಸರದಲ್ಲಿ ಓಡಿದರೆ ಗ್ರೇಡರ್ ಕೂಡ ಕುಪ್ಪಳಿಸಿ ತಾನೇ ಹೊಸ ಅಲೆ ಕೆತ್ತುತ್ತದೆ ಎಂದು ಆಪರೇಟರ್ ಹೇಳಿದರು. ಅವರು ಇಡೀ ದಿನ ಗಂಟೆಗೆ ಐದಾರು ಕಿಲೋಮೀಟರಿನ ಮೇಲೆ ಹೋಗಲಿಲ್ಲ. ಅಲೆಯ ತಲೆ ಸವರಿ ತಗ್ಗು ತುಂಬಿದರೆ ಹದಿನೈದು ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಹಾಗಾಗಿ ಕಬ್ಬಿಣದ ಹಲ್ಲುಗಳನ್ನು ಇಳಿಸಿ, ತಗ್ಗಿನ ತಳಕ್ಕಿಂತ ಒಂದು ಇಂಚು ಕೆಳಗಿನವರೆಗೆ ಕಿತ್ತು, ಆ ಮೇಲೆ ಹರಡಿದರು. ಗುಂಡಿಗಳಿಗೂ ಇದೇ ಚಿಕಿತ್ಸೆ.

ಇಷ್ಟೂ ಯಂತ್ರದ ಕೆಲಸ. ಕಷ್ಟದ ಭಾಗ ನೀರಿಗೆ ಬಾಗಿಲು ಬಿಡುವುದು. ರಸ್ತೆಯಿಂದ ಇಳಿದ ನೀರು ಯಾರದೋ ಜಾಗಕ್ಕೇ ಹೋಗಬೇಕು. ಎರಡನೆಯ ತಿರುವಿನ ಕೆಳಗೆ ತೋಟವಿರುವ ನಮ್ಮ ನೆರೆಯವರು ಹದಿನೈದು ವರ್ಷದ ಹಿಂದೆ ರಸ್ತೆ ಅಂಚಿಗೆ ಮಣ್ಣಿನ ದಂಡೆ ಕಟ್ಟಿದ್ದರು. ಆ ದಂಡೆಯೇ ರಸ್ತೆಯನ್ನು ಹಳ್ಳ ಮಾಡಿತ್ತು. ಊರೆಲ್ಲ ಅವರನ್ನು ಬಯ್ದಿದ್ದೆವು, ನಾನೂ ಬಯ್ದಿದ್ದೆ. ಈ ಸಲ ಅವರ ತೋಟಕ್ಕೆ ಇಳಿದು ನೋಡಿದೆ. ಮೇಲಿನ ಅರ್ಧ ಕಿಲೋಮೀಟರಿನ ನೀರೆಲ್ಲ ಒಂದೇ ಕಡೆ ನುಗ್ಗಿ, ಇಪ್ಪತ್ತು ಮೂವತ್ತು ಮರಗಳ ಬುಡಕ್ಕೆ ಗರಸು ತುಂಬಿತ್ತು. ಬೇರೆ ದಾರಿ ಅವರಿಗೆ ಇರಲಿಲ್ಲ. ತಪ್ಪು ನಮ್ಮದು: ಐದು ಕಡೆ ಹಂಚಿಹೋಗಬೇಕಾದ ನೀರನ್ನು ಒಬ್ಬರ ತಲೆಗೆ ಕಟ್ಟಿದ್ದೆವು. ಅವರಲ್ಲಿ ಕ್ಷಮೆ ಕೇಳಿದೆ. ಮೇಲಿನಿಂದಲೇ ಎಪ್ಪತ್ತು ಎಂಬತ್ತು ಹೆಜ್ಜೆಗೊಂದು ಬಾಗಿಲು ಬಿಟ್ಟು, ನೀರನ್ನು ಸ್ವಲ್ಪ ಸ್ವಲ್ಪವೇ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಇಳಿಸಿ, ಅಲ್ಲಿ ಕಲ್ಲು ಹಾಸಿದ ಇಂಗುಗುಂಡಿ ತೋಡುವುದೆಂದು ನಿರ್ಧರಿಸಿದ ಮೇಲೆ ಅವರೇ ದಂಡೆಗೆ ಮೊದಲ ಗುದ್ದಲಿ ಹಾಕಿದರು.

ಶಾಲೆಯ ಹಿಂದಿನ ಧರೆಯ, ಅಂದರೆ ಗುಡ್ಡದ ಕಡಿದಾದ ಬದಿಯ, ಮೇಲೆ ಒಂದು ಬಾಗಿಲು ಬಿಡುವ ಯೋಚನೆಯಿತ್ತು. ಅಲ್ಲಿನ ಮನೆಯ ಅಜ್ಜಿಯೊಬ್ಬರು ಒಪ್ಪಲಿಲ್ಲ. "ತಮಾ, ಆ ಧರೆಗೆ ನೀರು ಕುಡಿಸಬೇಡ" ಎಂದರು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿದ್ದು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಬಂದದ್ದು ಯಾರ ಮನಸ್ಸಿನಿಂದಲೂ ಮಾಸಿಲ್ಲ. ಆ ಬಾಗಿಲನ್ನು ಅಲ್ಲಿಗೇ ಕೈಬಿಟ್ಟು, ನೀರನ್ನು ಚರಂಡಿಯಲ್ಲೇ ಮೋರಿಯವರೆಗೆ ಒಯ್ದೆವು.

ತಿರುವುಗಳಲ್ಲಿ ಆಮೆಬೆನ್ನು ನಡೆಯದು. ಅಲ್ಲಿ ಹೊರ ಅಂಚು ಎತ್ತರ, ಒಳ ಅಂಚು ತಗ್ಗು ಮಾಡಿ, ತಿರುವು ಕಳೆದ ಮೇಲೆ ಮೆಲ್ಲಗೆ ಮತ್ತೆ ನಡುವನ್ನು ಎತ್ತಬೇಕು. ಮೋರಿಯ ಮೇಲೆ ಯಂತ್ರ ಹಾಯಿಸುವ ಮುನ್ನ ಕೆಳಗಿಳಿದು ಕೊಳವೆ ನೋಡಿದರು. ಹತ್ತು ಹನ್ನೆರಡು ಟನ್ ತೂಕದ ಯಂತ್ರ ಅದು. ಎರಡನೆಯ ದಿನ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ರೋಲರ್ ಓಡಿಸಿದೆವು. ಬಾಡಿಗೆಯನ್ನು ತೋಟದ ಎಕರೆಯ ಲೆಕ್ಕದಲ್ಲಿ ಹಂಚಿಕೊಂಡೆವು. ತೋಟವಿಲ್ಲದ ಮನೆಯವರು ಚರಂಡಿಯ ಕೆಲಸ ಮಾಡಿದರು.

ಈ ಮಳೆಗಾಲದ ಮೊದಲ ದೊಡ್ಡ ಮಳೆಯಲ್ಲಿ ಕೊಡೆ ಹಿಡಿದು ಪೂರ್ತಿ ರಸ್ತೆ ನಡೆದೆ. ನಡುಭಾಗದಲ್ಲಿ ನೀರು ಹರಿಯುತ್ತಿರಲಿಲ್ಲ. ಬಿದ್ದ ನೀರು ಎರಡೂ ಕಡೆಗೆ ತೆಳುವಾಗಿ ಜಾರಿ ಹುಲ್ಲಿನೊಳಗೆ ಮಾಯವಾಗುತ್ತಿತ್ತು. ಅದನ್ನು ನೋಡುತ್ತ ನಿಂತವನಿಗೆ ಕಣ್ಣು ತುಂಬಿ ಬಂತು. ಅಪ್ಪಯ್ಯ ಇದ್ದಿದ್ದರೆ ಕರೆತಂದು ತೋರಿಸುತ್ತಿದ್ದೆ.

ಎಲ್ಲವೂ ಗೆದ್ದಿಲ್ಲ. ಹಳ್ಳದ ಹತ್ತಿರದ ಐವತ್ತು ಅಡಿ ಜುಲೈ ಮೊದಲ ವಾರದಲ್ಲೇ ಕುಸಿದು ಕೆಸರಾಯಿತು. ಅಲ್ಲಿ ನೀರು ಬರುವುದು ಮೇಲಿನಿಂದಲ್ಲ, ಅಡಿಯ ಒರತೆಯಿಂದ. ಎಷ್ಟು ಸಲ ಬ್ಲೇಡ್ ಹಾಯಿಸಿದರೂ ಒರತೆಗೆ ಅದು ತಾಗುವುದಿಲ್ಲ. ಧರೆಯ ಬುಡದಲ್ಲಿ ಆಳದ ಬಸಿಗಾಲುವೆ ತೋಡಿ ಕಲ್ಲು ತುಂಬಬೇಕು.

"ನಾಳೆ ಡಾಂಬರು ಬರುತ್ತದೆ, ಮಣ್ಣಿಗೇಕೆ ದುಡ್ಡು ಸುರಿಯುತ್ತೀರಿ?" ಎಂದು ಪಕ್ಕದ ಊರಿನವರು ಕೇಳುತ್ತಾರೆ. 2000ದ ಡಿಸೆಂಬರ್ 25ರಂದು ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂಲ ಅಳತೆ ಬಯಲಿನಲ್ಲಿ ಐನೂರು, ಗುಡ್ಡಗಾಡಿನಲ್ಲಿ ಇನ್ನೂರೈವತ್ತು ಜನಸಂಖ್ಯೆಯ ಊರು. ನಮ್ಮದು ಹದಿನೇಳು ಮನೆ. ಡಾಂಬರು ಬಂದರೆ ಸಂತೋಷ, ಬೇಡವೆನ್ನುವುದಿಲ್ಲ. ಆದರೆ ಬರುವ ರಸ್ತೆಯ ಹೆಸರಿನಲ್ಲಿ ಇರುವ ರಸ್ತೆಯನ್ನು ಕೈಬಿಟ್ಟು ನಾವು ಇಪ್ಪತ್ತು ಮಳೆಗಾಲ ಕಳೆದೆವು. ಅಷ್ಟರಲ್ಲಿ ಇಬ್ಬರು ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಮುಖ್ಯ ರಸ್ತೆಗೆ ತಂದಿದ್ದೇವೆ. ಅವರಲ್ಲಿ ಒಬ್ಬರು ನನ್ನ ಚಿಕ್ಕಮ್ಮ.

ಆಪರೇಟರಿಗೆ ಫೋನ್ ಮಾಡಿ ಈ ಸಲವೂ ದೀಪಾವಳಿಯ ಮರುವಾರಕ್ಕೆ ಹೇಳಿದ್ದೇನೆ. ಏರಿ ಕಡಿಯುವುದು ಈ ವರ್ಷ ಇಲ್ಲ, ಒಂದೇ ದಿನದ ಕೆಲಸ ಸಾಕು ಎಂದರು. ಅದಕ್ಕೆ ಮುಂಚೆ ಒರತೆಯ ಜಾಗಕ್ಕೆ ಆರು ಗಾಡಿ ಕಲ್ಲು ಬೀಳಬೇಕು, ಕೆಳಗಿನ ಮೋರಿಯ ಒಡೆದ ಕೊಳವೆ ಬದಲಿಸಬೇಕು. ಎರಡನೆಯ ತಿರುವಿನ ನೆರೆಯವರು ಕಲ್ಲು ತಮ್ಮ ಬೇಣದಿಂದ ಕೊಡುವುದಾಗಿ ಹೇಳಿದ್ದಾರೆ.